ನಡಿಗೆಯೂ ಚಲನಶಾಸ್ತ್ರವೂ

ಚಲನೆಯ ಮೂರು ನಿಯಮಗಳನ್ನು ಬಾಯಿಪಾಠ ಮಾಡದೆ ಪ್ರೌಢಶಾಲೆಯನ್ನು ದಾಟಿಬಂದ ವಿದ್ಯಾರ್ಥಿಗಳು ನಮ್ಮಲ್ಲಿ ಇರಲಾರರು. ನ್ಯೂಟನ್ನನ ಹೆಸರನ್ನೆತ್ತಿದೊಡನೆಯೇ, ಕ್ರಿಯೆ ಪ್ರತಿಕ್ರಿಯೆಗಳು ಸಮಾನವೂ ವಿರುದ್ಧವೂ ಆಗಿರುತ್ತವೆ ಎಂಬ ಮಾತು ಮಗ್ಗಿಯಂತೆ ನಾಲಗೆಯ ಮೇಲೆ ಬರುತ್ತದೆ. ಆದರೆ ಅದೇ ವಿದ್ಯಾರ್ಥಿಯನ್ನು, "ನೀನು ಈಗತಾನೆ ಮನೆಯಿಂದ ಶಾಲೆಗೆ ನಡೆದು ಬಂದೆಯಷ್ಟೆ, ನಿನ್ನನ್ನು ಮುಂದಕ್ಕೆ ತಳ್ಳಿದ ಬಲ ಯಾವುದು?" ಎಂದು ಕೇಳಿದರೆ, "ನನ್ನ ಕಾಲಿನ ಬಲ" ಎಂಬ ಉತ್ತರ ಬರುವುದೇ ಹೆಚ್ಚು. "ಮೇಲಕ್ಕೆ ಎಸೆದ ಕಲ್ಲು ಇನ್ನೂ ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ?" ಎಂದು ಕೇಳಿದರೆ, "ಕೈ ಕೊಟ್ಟ ಬಲ ಮೇಲಕ್ಕೆ, ಭೂಮಿಯ ಸೆಳೆತ ಕೆಳಕ್ಕೆ" ಎನ್ನುವರು. ಎರಡು ಉತ್ತರಗಳೂ ತಪ್ಪು. ನಡೆಯುವವನನ್ನು ಮುಂದಕ್ಕೆ ತಳ್ಳುವುದು ನೆಲ. ಕೈಯನ್ನು ಬಿಟ್ಟ ಕಲ್ಲಿನ ಮೇಲೆ, ಗಾಳಿಯ ಅಲ್ಪ ತಡೆಯನ್ನು ಬಿಟ್ಟರೆ, ಇರುವುದು ಭೂಮಿಯ ಸೆಳೆತವೊಂದೇ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಇಲ್ಲಿಯ ಮಕ್ಕಳಿಗೆ ನಡಿಗೆ ಹೊಸದಲ್ಲ, ಬೆಟ್ಟವೇರುವುದು ಹೊಸದಲ್ಲ, ನೀರಿನ ಕೊಡವನ್ನು ಹೊರುವುದೂ ಹೊಸದಲ್ಲ. ಚಲನಶಾಸ್ತ್ರವು ವಿವರಿಸುವ ಸಂಗತಿಗಳಲ್ಲಿ ಮುಕ್ಕಾಲು ಪಾಲನ್ನು ಅವರ ದೇಹಗಳು ದಿನವೂ ನಡೆಸಿಕೊಂಡು ಬರುತ್ತಿವೆ. ಹೀಗಿದ್ದರೂ ಪುಸ್ತಕದ ಚಲನೆ ಬೇರೆ, ಬದುಕಿನ ಚಲನೆ ಬೇರೆ ಎಂಬ ಭಾವನೆ ಬೆಳೆದುಬಿಟ್ಟಿದೆ. ಈ ಬಿರುಕನ್ನು ಮುಚ್ಚುವ ಬಗೆ ಯಾವುದೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಇದಕ್ಕೆ ಬೇಕಾದ ಮುಖ್ಯ ಉಪಕರಣವೆಂದರೆ ನಮ್ಮ ಕೈಕಾಲುಗಳು.

ಬಲವೆಂಬ ಮಾತು

ಮೇಲಿನ ತಪ್ಪುಗಳ ಬೇರು ನಮ್ಮ ದಿನಬಳಕೆಯ ಮಾತಿನಲ್ಲಿಯೇ ಇದೆ. "ಅವನಿಗೆ ಬಲವಿದೆ," "ಎತ್ತಿಗೆ ಕಸುವಿದೆ," "ನನಗೆ ತ್ರಾಣವಿಲ್ಲ" ಎಂದು ನಾವು ಹೇಳುತ್ತೇವೆ. ಇಲ್ಲಿ ಬಲವೆಂಬುದು ಜೇಬಿನೊಳಗಿನ ಹಣದಂತೆ ಒಬ್ಬನ ಬಳಿ ಇರುವ ಸೊತ್ತು. ಕಸುವು, ತ್ರಾಣ, ಶಕ್ತಿ, ಸಾಮರ್ಥ್ಯ, ಬಲ ಇವೆಲ್ಲವೂ ಆಡುಮಾತಿನಲ್ಲಿ ಒಂದೇ. ಭೌತಶಾಸ್ತ್ರದಲ್ಲಿ ಹಾಗಲ್ಲ. ಶಕ್ತಿಯನ್ನು ಒಂದು ವಸ್ತುವು ಹೊಂದಿರಬಹುದು; ಬಲವನ್ನು ಯಾವ ವಸ್ತುವೂ ಹೊಂದಿರಲಾರದು. ಬಲವು ಎರಡು ವಸ್ತುಗಳ ನಡುವಣ ವ್ಯವಹಾರ. ಯಾವುದರ ಮೇಲೆ ಯಾವುದು ಬಲವನ್ನು ಪ್ರಯೋಗಿಸುತ್ತಿದೆ ಎಂದು ಎರಡು ಕಕ್ಷಿಗಳನ್ನೂ ಹೆಸರಿಸಲು ಬಾರದಿದ್ದರೆ, ಅಂಥ ಬಲವು ಇಲ್ಲವೆಂದೇ ತಿಳಿಯಬೇಕು. ಏರುತ್ತಿರುವ ಕಲ್ಲನ್ನು ಮೇಲಕ್ಕೆ ತಳ್ಳುತ್ತಿರುವ ಎರಡನೆಯ ವಸ್ತು ಯಾವುದು? ಕೈಯಂತೂ ಕೆಳಗೆಯೇ ಉಳಿಯಿತು. ಹೀಗೆ ಕೇಳಿಕೊಂಡ ಕೂಡಲೇ ತಪ್ಪು ತಾನಾಗಿ ಕಳಚಿಬೀಳುತ್ತದೆ.

ಈ ತಪ್ಪಿಗಾಗಿ ವಿದ್ಯಾರ್ಥಿಗಳನ್ನು ಹಳಿಯುವುದು ಸರಿಯಲ್ಲ. ಮಾನವಕುಲದ ಮೇಧಾವಿಗಳೇ ಈ ದಾರಿಯಲ್ಲಿ ಬಹುಕಾಲ ನಡೆದಿದ್ದಾರೆ. ಚಲಿಸುವ ವಸ್ತುವಿಗೆ ಸದಾ ಒಂದು ಚಾಲಕವಿರಬೇಕೆಂದು ಗ್ರೀಸಿನ ಅರಿಸ್ಟಾಟಲನು ಹೇಳಿದನು. ನಮ್ಮ ವೈಶೇಷಿಕ ದರ್ಶನವು ಕರ್ಮವನ್ನು, ಅಂದರೆ ಚಲನೆಯನ್ನು, ಐದು ಬಗೆಯಾಗಿ ವಿಂಗಡಿಸಿತು: ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನ. ಮೇಲಕ್ಕೆಸೆಯುವುದು, ಕೆಳಕ್ಕೆಸೆಯುವುದು, ಮುದುಡುವುದು, ಚಾಚುವುದು, ಹೋಗುವುದು ಎಂದು ಇವುಗಳ ಅರ್ಥ. ಪಟ್ಟಿಯನ್ನು ನೋಡಿದರೆ ಮನುಷ್ಯನ ತೋಳು ತೊಡೆಗಳ ಚಲನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದಂತಿದೆ. ಈ ದರ್ಶನದ ಭಾಷ್ಯಕಾರನಾದ ಪ್ರಶಸ್ತಪಾದನು, ಎಸೆದ ವಸ್ತುವಿನಲ್ಲಿ 'ವೇಗ'ವೆಂಬ ಸಂಸ್ಕಾರವು ಉಳಿದು ಅದನ್ನು ಮುಂದೆ ಸಾಗಿಸುತ್ತದೆಂದು ವಿವರಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನನು ಇದನ್ನು ಹೋಲುವ ವಿಚಾರವನ್ನೇ ಮಂಡಿಸಿದನು. ಚಲನೆಗೆ ಕಾರಣ ಬೇಡ, ಚಲನೆಯ ಬದಲಾವಣೆಗೆ ಮಾತ್ರ ಕಾರಣ ಬೇಕು ಎಂಬ ತಿಳಿವು ನೆಲೆಗೊಳ್ಳಲು 1638ರ ಗೆಲಿಲಿಯೋನ ಗ್ರಂಥವೂ 1687ರ ನ್ಯೂಟನ್ನನ ಗ್ರಂಥವೂ ಬರಬೇಕಾಯಿತು. ಎರಡು ಸಾವಿರ ವರ್ಷಗಳಲ್ಲಿ ಬಂದ ತಿಳಿವು ನಲವತ್ತು ನಿಮಿಷಗಳ ಒಂದು ಪಾಠದಲ್ಲಿ ಬಂದುಬಿಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಬೋಧನೆಯ ರೀತಿಯನ್ನು ಬದಲಿಸಿದರೆ ಪ್ರಯೋಜನವುಂಟೇ? ಉಂಟೆಂಬುದಕ್ಕೆ ಅಳತೆಯ ಆಧಾರವಿದೆ. 1992ರಲ್ಲಿ ಅಮೆರಿಕದ ಹೆಸ್ಟನೀಸ್ ಮತ್ತು ಸಂಗಡಿಗರು, ಲೆಕ್ಕವನ್ನೇ ಮಾಡಬೇಕಾಗಿಲ್ಲದ, ಬಲದ ಕಲ್ಪನೆಯನ್ನು ಮಾತ್ರ ಪರೀಕ್ಷಿಸುವ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. 1998ರಲ್ಲಿ ರಿಚರ್ಡ್ ಹೇಕ್ ಎಂಬಾತನು 62 ತರಗತಿಗಳ 6,542 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದನು. ಪಾಠಕ್ಕೆ ಮೊದಲು ತಿಳಿಯದೆ ಇದ್ದ ಅಂಶದಲ್ಲಿ, ಬರಿಯ ಉಪನ್ಯಾಸವನ್ನು ಕೇಳಿದವರು ಸರಾಸರಿ ನೂರಕ್ಕೆ 23 ಪಾಲನ್ನು ಕಲಿತಿದ್ದರು. ತಾವೇ ಊಹಿಸಿ, ಮಾಡಿ ನೋಡಿ, ಒಬ್ಬರೊಡನೊಬ್ಬರು ಚರ್ಚಿಸಿದವರು ನೂರಕ್ಕೆ 48 ಪಾಲನ್ನು ಕಲಿತಿದ್ದರು. ಆದ್ದರಿಂದ ನಾವೂ ಮಾಡಿಯೇ ನೋಡೋಣ. ಮೊದಲು ನಡಿಗೆ.

ನಡಿಗೆಯಲ್ಲಿ ನೆಲದ ಪಾತ್ರ

ಒಂದು ಹೆಜ್ಜೆಯನ್ನು ನಿಧಾನವಾಗಿ ಗಮನಿಸಿರಿ. ಹಿಂದಿನ ಕಾಲಿನ ಬೆರಳುಗಳು ನೆಲವನ್ನು ಹಿಂದಕ್ಕೆ ಒತ್ತುತ್ತವೆ. ನೆಲವು ಅಷ್ಟೇ ಬಲದಿಂದ ಪಾದವನ್ನು ಮುಂದಕ್ಕೆ ಒತ್ತುತ್ತದೆ. ಈ ಒತ್ತುವಿಕೆ ಒದಗುವುದು ಘರ್ಷಣೆಯಿಂದ. ಜಯಮಂಗಲಿ ಹೊಳೆಯ ಒಣ ಮರಳಿನಲ್ಲಿ ನಡೆದವರಿಗೆ ಇದರ ಅನುಭವವಿದೆ: ಕಾಲು ಹಿಂದಕ್ಕೆ ಒತ್ತಿದಷ್ಟೂ ಮರಳು ಜಾರುತ್ತದೆ, ನಡಿಗೆ ಸಾಗುವುದಿಲ್ಲ. ಕಾಲಿನ ಕಸುವು ಅಲ್ಲಿಯೂ ಇಲ್ಲಿಯೂ ಒಂದೇ. ವ್ಯತ್ಯಾಸವಿರುವುದು ಎರಡನೆಯ ಕಕ್ಷಿಯಲ್ಲಿ. ಸ್ನಾಯುಗಳ ಎಳೆತವೆಲ್ಲವೂ ದೇಹದ ಒಳಗಿನ ವ್ಯವಹಾರ. ಒಳಗಿನ ಬಲಗಳು ಜೋಡಿಜೋಡಿಯಾಗಿ ಪರಸ್ಪರ ಕಳೆದುಹೋಗುವುದರಿಂದ ಇಡೀ ದೇಹದ ಸಂವೇಗವನ್ನು ಅವು ಬದಲಾಯಿಸಲಾರವು. ಕುಳಿತ ಕುರ್ಚಿಯನ್ನು ತಾನೇ ಹಿಡಿದೆತ್ತಿ ಮೇಲಕ್ಕೇರಲು ಯಾರಿಂದಲೂ ಆಗದಷ್ಟೆ.

ಹೆಜ್ಜೆಯ ಇನ್ನೊಂದು ಭಾಗವೂ ಉಂಟು. ಮುಂದಿನ ಕಾಲಿನ ಹಿಮ್ಮಡಿ ನೆಲವನ್ನು ತಾಗಿದಾಗ ಅದು ನೆಲವನ್ನು ಮುಂದಕ್ಕೆ ಒತ್ತುತ್ತದೆ. ನೆಲವು ನಮ್ಮನ್ನು ಹಿಂದಕ್ಕೆ ಒತ್ತಿ ತಡೆಯುತ್ತದೆ. ಹೀಗೆ ಪ್ರತಿ ಹೆಜ್ಜೆಯಲ್ಲಿಯೂ ನೆಲವು ಒಮ್ಮೆ ತಡೆಯುತ್ತದೆ, ಒಮ್ಮೆ ತಳ್ಳುತ್ತದೆ. ಸಮವೇಗದಿಂದ ನಡೆಯುವಾಗ ಈ ಎರಡೂ ಸರಿಹೋಗಿ, ಮುಂದಿನ ದಿಕ್ಕಿನ ಸರಾಸರಿ ಬಲವು ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ನಡೆಯುತ್ತಿದ್ದರೂ ಸರಾಸರಿ ಬಲವಿಲ್ಲ ಎಂಬುದೇ ನ್ಯೂಟನ್ನನ ಮೊದಲನೆಯ ನಿಯಮ. ಅದು ದಿನವೂ ನಮ್ಮ ಅಂಗಾಲಿನ ಕೆಳಗೆ ಸಿದ್ಧವಾಗುತ್ತಿದೆ.

ನೆಲದ ಒತ್ತುವಿಕೆಯನ್ನು ಕಣ್ಣಾರೆ ಕಾಣಬೇಕೆಂದರೆ ಮುಳ್ಳು ತಿರುಗುವ ತೂಕದ ಯಂತ್ರವೊಂದರ ಮೇಲೆ ನಿಂತು ಥಟ್ಟನೆ ಮೊಣಕಾಲನ್ನು ಬಗ್ಗಿಸಿರಿ. ದೇಹವು ಕೆಳಕ್ಕಿಳಿಯತೊಡಗಿದಾಗ ಮುಳ್ಳು ಹಿಂದಕ್ಕೆ ಹೋಗುವುದು. ಇಳಿತವು ನಿಲ್ಲುವ ಹೊತ್ತಿಗೆ ನಿಜವಾದ ತೂಕವನ್ನು ಮೀರಿ ಮುಂದೆ ಹೋಗುವುದು. ನಿಮ್ಮ ತೂಕವಂತೂ ಬದಲಾಗಲಿಲ್ಲ. ಬದಲಾದದ್ದು ಯಂತ್ರವು ನಿಮ್ಮನ್ನು ಮೇಲಕ್ಕೆ ಒತ್ತಿದ ಬಲ. ಸಾಧಾರಣ ನಡಿಗೆಯಲ್ಲಿ ಈ ಬಲವು ತೂಕಕ್ಕಿಂತ ಸ್ವಲ್ಪವೇ ಹೆಚ್ಚುತ್ತದೆ. ಓಟದಲ್ಲಿ ತೂಕದ ಎರಡು ಮೂರು ಪಟ್ಟು ಆಗುತ್ತದೆ.

ನಡಿಗೆ ಓಟವಾಗುವುದೆಲ್ಲಿ?

ಜಾತ್ರೆಯಲ್ಲಿ ತಂದೆಯ ಬೆರಳನ್ನು ಹಿಡಿದ ಮಗುವನ್ನು ನೋಡಿರಿ. ತಂದೆ ಬಿರುಸಾಗಿ ನಡೆಯುತ್ತಾನೆ; ಮಗು ಪಕ್ಕದಲ್ಲಿ ಓಡುತ್ತದೆ. ಇಬ್ಬರ ಜವವೂ ಒಂದೇ ಆಗಿರುವಾಗ ಒಬ್ಬನದು ನಡಿಗೆ, ಇನ್ನೊಬ್ಬರದು ಓಟವಾಗುವುದೇಕೆ?

ನಡೆಯುವಾಗ ಊರಿದ ಕಾಲು ನೆಟ್ಟಗಿರುತ್ತದೆ. ದೇಹವು ಪಾದವನ್ನು ಕೇಂದ್ರವಾಗಿಟ್ಟುಕೊಂಡು ತಲೆಕೆಳಗಾದ ಲೋಲಕದಂತೆ ಕಮಾನಿನಾಕಾರದ ಪಥದಲ್ಲಿ ಸಾಗುತ್ತದೆ. ಈ ಕಮಾನಿನ ತ್ರಿಜ್ಯವೇ ಕಾಲಿನ ಉದ್ದ. ವರ್ತುಳದಲ್ಲಿ ಚಲಿಸುವ ವಸ್ತುವಿಗೆ ಕೇಂದ್ರಾಭಿಮುಖ ಬಲವು ಬೇಕು. ಇಲ್ಲಿ ಅದನ್ನು ಒದಗಿಸುವುದು ಗುರುತ್ವ ಮಾತ್ರ. ಜವದ ವರ್ಗವನ್ನು ಕಾಲಿನ ಉದ್ದದಿಂದ ಭಾಗಿಸಿದರೆ ಬರುವ ಮೊತ್ತವು ಗುರುತ್ವದ ವೇಗೋತ್ಕರ್ಷವನ್ನು ಮೀರಿದರೆ ಪಾದವು ನೆಲವನ್ನು ಬಿಟ್ಟೇಬಿಡುತ್ತದೆ. ಕಾಲಿನ ಉದ್ದ 0.9 ಮೀಟರಾದರೆ ಈ ಮಿತಿಯು ಸೆಕೆಂಡಿಗೆ ಸುಮಾರು 3 ಮೀಟರು. ವಾಸ್ತವದಲ್ಲಿ ಈ ಮೊತ್ತವು ಗುರುತ್ವದ ಅರ್ಧಕ್ಕೆ ಬರುವಾಗಲೇ, ಎಂದರೆ ಸೆಕೆಂಡಿಗೆ ಸುಮಾರು 2 ಮೀಟರಿನಲ್ಲಿಯೇ, ನಾವು ಓಡತೊಡಗುತ್ತೇವೆ. ಅರ್ಧ ಮೀಟರು ಕಾಲುಳ್ಳ ಮಗುವಿಗೆ ಇದೇ ಲೆಕ್ಕದಂತೆ ಬರುವ ಜವ ಸುಮಾರು 1.6 ಮೀಟರು. ತಂದೆ ಸೆಕೆಂಡಿಗೆ 1.8 ಮೀಟರಿನಂತೆ ನಡೆದರೆ ಮಗು ಓಡಲೇಬೇಕು.

ಚಂದ್ರನ ಮೇಲೆ ಗುರುತ್ವವು ಇಲ್ಲಿಯದರ ಆರನೆಯ ಒಂದು ಭಾಗ. ಅಲ್ಲಿ ದೊಡ್ಡವರಿಗೂ ಸೆಕೆಂಡಿಗೆ 0.85 ಮೀಟರಿನ ಸುಮಾರಿಗೇ ನಡಿಗೆಯು ಕೆಡಬೇಕು. 1969ರಿಂದ 1972ರ ವರೆಗೆ ಚಂದ್ರನ ಮೇಲೆ ಇಳಿದ ಗಗನಯಾತ್ರಿಗಳು ನಡೆಯುವುದಕ್ಕೆ ಬದಲಾಗಿ ಕುಪ್ಪಳಿಸುತ್ತ ಸಾಗಿದ್ದನ್ನು ಚಲನಚಿತ್ರಗಳಲ್ಲಿ ನಾವು ಕಾಣುತ್ತೇವೆ. ಬಿಗಿಯಾದ ಉಡುಪಿನ ಜೊತೆಗೆ ಇದೂ ಅದಕ್ಕೆ ಒಂದು ಕಾರಣ. ಜಾತ್ರೆಯ ಮಗುವೂ ಚಂದ್ರನ ಯಾತ್ರಿಯೂ ಒಂದೇ ನಿಯಮಕ್ಕೆ ಒಳಪಟ್ಟಿದ್ದಾರೆ.

ಬಂಡೆಯ ಇಳಿಜಾರು

ಮಧುಗಿರಿಯ ಏಕಶಿಲಾ ಬೆಟ್ಟವು ಏಷ್ಯದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರಾಗಿದೆ. ಕೋಟೆಯ ಬಾಗಿಲುಗಳನ್ನು ದಾಟಿ ಮೇಲೇರಿದಂತೆ ದಾರಿಯು ಕಡಿದಾಗುತ್ತದೆ. ಕೆಲವೆಡೆ ಬಂಡೆಯಲ್ಲಿಯೇ ಕಡಿದ ಸಣ್ಣ ಮೆಟ್ಟಿಲುಗಳ ಮೇಲೆ ಕಾಲಿಟ್ಟು ಏರಬೇಕಾಗುತ್ತದೆ. ಇಂಥ ಇಳಿಜಾರಿನಲ್ಲಿ ನಿಂತವನ ತೂಕವನ್ನು ಎರಡು ಪಾಲಾಗಿ ವಿಂಗಡಿಸಬಹುದು. ಬಂಡೆಗೆ ಲಂಬವಾದ ಪಾಲು ಪಾದವನ್ನು ಬಂಡೆಗೆ ಒತ್ತುತ್ತದೆ; ಬಂಡೆಯ ಗುಂಟ ಇರುವ ಪಾಲು ಕೆಳಕ್ಕೆ ಎಳೆಯುತ್ತದೆ. ಎಳೆಯುವ ಪಾಲನ್ನು ಒತ್ತುವ ಪಾಲಿನಿಂದ ಭಾಗಿಸಿದರೆ ಬರುವುದು ಇಳಿಜಾರಿನ ಕೋನದ ಸ್ಪರ್ಶಕ. ಇದು ಘರ್ಷಣೆಯ ಗುಣಾಂಕವನ್ನು ಮೀರಿದ ಕ್ಷಣದಲ್ಲಿ ಕಾಲು ಜಾರುವುದು.

ಒಣ ಬಂಡೆಯ ಮೇಲೆ ಪಾದರಕ್ಷೆಯ ಗುಣಾಂಕ 0.7 ಎಂದಿಟ್ಟುಕೊಂಡರೆ 35 ಡಿಗ್ರಿಯವರೆಗೆ ನಿಲ್ಲಬಹುದು. ಮಳೆಗೆ ಬಂಡೆ ನೆನೆದು ಗುಣಾಂಕವು 0.4ಕ್ಕೆ ಇಳಿದರೆ 22 ಡಿಗ್ರಿಯಲ್ಲಿಯೇ ಜಾರಬೇಕಾಗುತ್ತದೆ. ಬೆಳಗ್ಗೆ ಸುಲಭವಾಗಿ ಹತ್ತಿದ ಜಾಗವು ಒಂದು ಮಳೆ ಬಿದ್ದ ಮೇಲೆ ಇಳಿಯಲಾಗದ ಜಾಗವಾಗುವುದು ಈ ಕಾರಣದಿಂದ. ಇನ್ನೊಂದು ಮಾತನ್ನೂ ಗಮನಿಸಬೇಕು: ಈ ಲೆಕ್ಕದಲ್ಲಿ ದೇಹದ ತೂಕವು ಬರಲೇ ಇಲ್ಲ. "ನಾನು ಹಗುರ, ಜಾರುವುದಿಲ್ಲ" ಎಂದು ಹಗುರಾದವನೂ, "ನಾನು ಭಾರ, ನನ್ನ ಕಾಲು ಗಟ್ಟಿಯಾಗಿ ಊರುತ್ತದೆ" ಎಂದು ಭಾರವಾದವನೂ ನಂಬಿದರೆ, ಬಂಡೆಯು ಇಬ್ಬರನ್ನೂ ಒಂದೇ ಕೋನದಲ್ಲಿ ಜಾರಿಸುತ್ತದೆ. ಹಿಂದಿನವರು ಬಂಡೆಯಲ್ಲಿ ಮೆಟ್ಟಿಲನ್ನು ಕಡಿದುದರ ಅರ್ಥವೂ ಇಲ್ಲಿ ತಿಳಿಯುತ್ತದೆ. ಪ್ರತಿ ಮೆಟ್ಟಿಲೂ ಇಳಿಜಾರಿನ ನಡುವೆ ಅಂಗೈಯಗಲದ ಸಮತಟ್ಟು ನೆಲ. ಅಲ್ಲಿ ಕೋನವು ಸೊನ್ನೆ. ಬೆಟ್ಟಕ್ಕೆ ಹೋಗುವ ವಿದ್ಯಾರ್ಥಿಗಳು ಈ ಒಂದು ಲೆಕ್ಕವನ್ನಾದರೂ ಮನಸ್ಸಿನಲ್ಲಿಟ್ಟುಕೊಂಡು, ಮಳೆಗಾಲದಲ್ಲಿ ಏರುವ ಸಾಹಸವನ್ನು ಬಿಡುವುದು ಒಳ್ಳೆಯದು.

ಏರಿದ್ದಕ್ಕೂ ಇಳಿದದ್ದಕ್ಕೂ ಲೆಕ್ಕ

ನೆಲವು ನಮಗೆ ಸಂವೇಗವನ್ನು ಕೊಡುತ್ತದೆಯೆಂದು ಕಂಡೆವು. ಆದರೆ ಊರಿದ ಪಾದವು ನಿಂತಲ್ಲಿಯೇ ನಿಂತಿರುವುದರಿಂದ ನೆಲವು ನಮ್ಮ ಮೇಲೆ ಕೆಲಸವನ್ನು ಮಾಡುವುದಿಲ್ಲ, ಶಕ್ತಿಯನ್ನು ಕೊಡುವುದಿಲ್ಲ. ಶಕ್ತಿಯು ಬರಬೇಕಾದದ್ದು ನಾವು ಉಂಡ ಅನ್ನದಿಂದ. ಎಷ್ಟು ಅನ್ನದಿಂದ?

ಮಧುಗಿರಿ ಬೆಟ್ಟದ ತುದಿಯು ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರದಲ್ಲಿದೆ. ಪಟ್ಟಣದಿಂದ ಏರಬೇಕಾದದ್ದು ಸುಮಾರು 400 ಮೀಟರು. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯು ಇಷ್ಟನ್ನು ಏರಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸವು 50ನ್ನು 9.8ರಿಂದಲೂ 400ರಿಂದಲೂ ಗುಣಿಸಿದಷ್ಟು, ಎಂದರೆ 1,96,000 ಜೌಲು. ಸ್ನಾಯುಗಳ ದಕ್ಷತೆಯು ಸುಮಾರು ನಾಲ್ಕರಲ್ಲೊಂದು. ಆದ್ದರಿಂದ ದೇಹವು 7,84,000 ಜೌಲು, ಅಂದರೆ ಸುಮಾರು 187 ಕಿಲೋಕ್ಯಾಲೊರಿ, ವೆಚ್ಚಮಾಡಬೇಕು. ಇದು ಸುಮಾರು 60 ಗ್ರಾಂ ರಾಗಿಹಿಟ್ಟಿನಲ್ಲಿ ಅಡಗಿದೆ. ಇಡೀ ಬೆಟ್ಟವನ್ನೇರಲು ಒಂದು ಪುಟ್ಟ ಮುದ್ದೆ ಸಾಕೆಂದಾಯಿತು! ಉಳಿದ ಮುಕ್ಕಾಲು ಪಾಲು, 5,88,000 ಜೌಲು, ಶಾಖವಾಗಿ ಹೊರಬೀಳಬೇಕು. ಅದನ್ನೆಲ್ಲ ಬೆವರೇ ಆರಿಸಬೇಕಾದರೆ ಸುಮಾರು ಕಾಲು ಲೀಟರು ನೀರು ಆವಿಯಾಗಬೇಕು. ಬಿಸಿಲೂ ಕಾದ ಬಂಡೆಯೂ ಸೇರಿದರೆ ಇನ್ನೂ ಹೆಚ್ಚು. ಬೆಟ್ಟವೇರುವಾಗ ಬುತ್ತಿಯನ್ನು ಮರೆತರೂ ನೀರನ್ನು ಮರೆಯಬಾರದು ಎಂದು ಹಿರಿಯರು ಹೇಳುವುದು ಶಾಸ್ತ್ರಸಮ್ಮತವಾಗಿಯೇ ಇದೆ.

ಈ ಏರಿಕೆಗೆ ಒಂದೂವರೆ ಗಂಟೆ ಹಿಡಿದರೆ ಸಾಮರ್ಥ್ಯವು ಕೇವಲ 36 ವ್ಯಾಟು. ಅದೇ ವಿದ್ಯಾರ್ಥಿಯು ಶಾಲೆಯ 3 ಮೀಟರು ಎತ್ತರದ ಮೆಟ್ಟಿಲುಗಳನ್ನು 3 ಸೆಕೆಂಡುಗಳಲ್ಲಿ ಹಾರಿಹಾರಿ ಏರಿದರೆ 490 ವ್ಯಾಟು, ಅಂದರೆ ಒಂದು ಅಶ್ವಸಾಮರ್ಥ್ಯದ ಮೂರರಲ್ಲೆರಡು ಪಾಲು. ದಿನವಿಡೀ ದುಡಿಯುವ ಆಳು ನಿರಂತರವಾಗಿ ನೀಡಬಲ್ಲದ್ದು ಸುಮಾರು 75 ವ್ಯಾಟು ಮಾತ್ರ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2019ರ ಕೊನೆಗೆ ಪೂರ್ಣಗೊಂಡ ಸೌರ ಉದ್ಯಾನದ ಸ್ಥಾಪಿತ ಸಾಮರ್ಥ್ಯವು 2,050 ಮೆಗಾವ್ಯಾಟು. ಅದು ಪೂರ್ಣವಾಗಿ ಕೆಲಸಮಾಡುವ ಹೊತ್ತಿನಲ್ಲಿ 2 ಕೋಟಿ 73 ಲಕ್ಷ ಆಳುಗಳ ದುಡಿಮೆಗೆ ಸಮ. ತನ್ನ ದೇಹದ ಸಾಮರ್ಥ್ಯವನ್ನು ಮೆಟ್ಟಿಲುಗಳ ಮೇಲೆ ಅಳೆದುಕೊಂಡವನಿಗೆ ಮೆಗಾವ್ಯಾಟು ಎಂಬ ಮಾತಿನ ಗಾತ್ರವು ನಿಜವಾಗಿ ತಿಳಿಯುತ್ತದೆ.

ಇಲ್ಲಿ ಚುರುಕಾದ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಬಹುದು: "ಏರಿ ಇಳಿದು ಹೊರಟ ಜಾಗಕ್ಕೇ ಬಂದರೆ ಗುರುತ್ವದ ವಿರುದ್ಧ ಮಾಡಿದ ಒಟ್ಟು ಕೆಲಸ ಸೊನ್ನೆ. ಹಾಗಾದರೆ ಮರುದಿನ ತೊಡೆ ನೋಯುವುದೇಕೆ?" ಲೆಕ್ಕ ಸರಿಯಾಗಿದೆ; ಆದರೆ ದೇಹವು ಇಳಿಯುವಾಗ ಬಂದ ಶಕ್ತಿಯನ್ನು ಮತ್ತೆ ರಾಗಿಯಾಗಿ ಪರಿವರ್ತಿಸಲಾರದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಎಳೆಯುತ್ತಿದ್ದಂತೆಯೇ ಉದ್ದವಾಗುತ್ತವೆ. ಗಾಡಿಯ ತಡೆಯಂತೆ ಇಳಿತವನ್ನು ಹಿಡಿದಿಡುತ್ತವೆ. ಆಗ ಸ್ನಾಯುವು ಮಾಡುವ ಕೆಲಸವು ಋಣಾತ್ಮಕ. ಇಳಿತದ ಶಕ್ತಿಯೆಲ್ಲ ಅಲ್ಲಿ ಶಾಖವಾಗುತ್ತದೆ. ರೂಢಿಯಿಲ್ಲದವರಲ್ಲಿ ಹೀಗೆ ಹಿಗ್ಗುತ್ತ ದುಡಿದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟಾಗಿ ಮರುದಿನ ನೋವು ಕಾಣಿಸಿಕೊಳ್ಳುತ್ತದೆ. ಏರುವಾಗ ಏದುಸಿರು, ಇಳಿದ ಮರುದಿನ ತೊಡೆನೋವು ಎಂಬ ಅನುಭವದಲ್ಲಿ ಧನ ಋಣ ಕೆಲಸಗಳ ಭೇದವೇ ಇದೆ.

ಕೊಡ, ತೋಳು, ಕೀಲು

ನೀರು ತುಂಬಿದ 10 ಕಿಲೋಗ್ರಾಮಿನ ಬಿಂದಿಗೆಯನ್ನು ಮೊಣಕೈ ಮಡಿಸಿ ಅಂಗೈಯಲ್ಲಿ ಎತ್ತಿ ಹಿಡಿದಿದ್ದೇವೆಂದು ಭಾವಿಸೋಣ. ಮುಂದೋಳು ಒಂದು ಸನ್ನೆಕೋಲು. ಮೊಣಕೈ ಅದರ ಆಧಾರಬಿಂದು. ಭಾರವು ಮೊಣಕೈಯಿಂದ 35 ಸೆಂಟಿಮೀಟರು ದೂರದಲ್ಲಿದೆ. ತೋಳಿನ ಸ್ನಾಯುವು ಎಲುಬಿಗೆ ಅಂಟಿರುವುದು ಕೇವಲ 4 ಸೆಂಟಿಮೀಟರು ದೂರದಲ್ಲಿ. ಆದ್ದರಿಂದ ಸ್ನಾಯುವು ಭಾರದ ಸುಮಾರು ಒಂಬತ್ತು ಪಟ್ಟು, ಎಂದರೆ 87 ಕಿಲೋಗ್ರಾಮಿನಷ್ಟು, ಎಳೆಯಬೇಕು. ಹೊರುವ ಭಾರಕ್ಕಿಂತ ಸ್ನಾಯುವಿನ ಎಳೆತವು ಬಹುಪಾಲು ಹೆಚ್ಚೆಂಬ ಈ ಸಂಗತಿಯನ್ನು ಇಟಲಿಯ ಬೊರೆಲಿಯು ಪ್ರಾಣಿಗಳ ಚಲನೆಯನ್ನು ಕುರಿತ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಅದು ಅವನ ಮರಣಾನಂತರ 1680 ಮತ್ತು 1681ರಲ್ಲಿ ಪ್ರಕಟವಾಯಿತು. ಬಲದಲ್ಲಿ ಆದ ಈ ನಷ್ಟಕ್ಕೆ ಪ್ರತಿಯಾಗಿ ದೇಹಕ್ಕೆ ದೊರಕುವುದು ಜವ: ಸ್ನಾಯು ಒಂದು ಸೆಂಟಿಮೀಟರು ಮುದುಡಿದರೆ ಅಂಗೈ ಒಂಬತ್ತು ಸೆಂಟಿಮೀಟರು ಸಾಗುತ್ತದೆ. ನಮ್ಮ ಹೆಂಗಸರು ಕೊಡವನ್ನು ಸೊಂಟಕ್ಕೋ ತಲೆಗೋ ಏರಿಸುವುದು ಈ ಸನ್ನೆಯ ನಷ್ಟವನ್ನು ತಪ್ಪಿಸಲೆಂದೇ. ತಲೆಯ ಮೇಲಿನ ಭಾರವು ಬೆನ್ನೆಲುಬಿನ ನೇರಕ್ಕೆ ಇಳಿದು ನೆಲವನ್ನು ಸೇರುತ್ತದೆ.

ಈ ಸನ್ನೆಗಳೆಲ್ಲ ಕೆಲಸಮಾಡಬೇಕಾದರೆ ಕೀಲುಗಳು ಸಲೀಸಾಗಿ ತಿರುಗಬೇಕು. ಪಾವಗಡವೇ ಮೊದಲಾದ ನಮ್ಮ ಒಣ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವು ಮಿತಿಗಿಂತ ಹೆಚ್ಚಾಗಿದೆ. ಕುಡಿಯುವ ನೀರಿನ ಲೀಟರಿಗೆ 1.5 ಮಿಲಿಗ್ರಾಮನ್ನು ಅದು ಮೀರಬಾರದು. ಹೆಚ್ಚಿನ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಲೆಗಟ್ಟುತ್ತದೆ; ಎಲುಬು, ಕಂಡರಗಳು ಗಡುಸಾಗಿ ಕೀಲು ಬಿಗಿದುಕೊಳ್ಳುತ್ತದೆ; ಬೆನ್ನು ಬಾಗಿ ನಡಿಗೆಯೇ ಕಷ್ಟವಾಗುತ್ತದೆ. ಚಲನೆಯನ್ನು ಕಲಿಯುವ ವಿದ್ಯಾರ್ಥಿಯು ತನ್ನೂರಿನ ನೀರನ್ನು ಪರೀಕ್ಷಿಸಿದ ವರದಿಯನ್ನೂ ಕೇಳಿ ಓದುವಂತಾದರೆ ಪಾಠವು ಸಾರ್ಥಕವಾದಂತೆಯೇ ಸರಿ.

ಖೋಖೋ ಕಂಬ

ಆಟದ ಬಯಲಿನಿಂದ ಒಂದು ಉದಾಹರಣೆಯನ್ನು ನೋಡೋಣ. ಖೋಖೋ ಆಟದಲ್ಲಿ ಅಟ್ಟಿಸಿಕೊಂಡು ಬಂದವನು ಕಂಬವನ್ನು ಸುತ್ತುವಾಗ ಅದನ್ನು ಕೈಯಿಂದ ಹಿಡಿದು ತಿರುಗುತ್ತಾನೆ. 50 ಕಿಲೋಗ್ರಾಮಿನ ಆಟಗಾರನು ಸೆಕೆಂಡಿಗೆ 3 ಮೀಟರಿನಂತೆ 0.8 ಮೀಟರು ತ್ರಿಜ್ಯದಲ್ಲಿ ಸುತ್ತುತ್ತಾನೆಂದರೆ ಸುಮಾರು 560 ನ್ಯೂಟನ್ನುಗಳ ಕೇಂದ್ರಾಭಿಮುಖ ಬಲವು ಬೇಕು. ಗುಣಾಂಕ 0.7 ಇದ್ದರೂ ಘರ್ಷಣೆಯು ಹೆಚ್ಚೆಂದರೆ 343 ನ್ಯೂಟನ್ನುಗಳನ್ನು ಒದಗಿಸಬಲ್ಲದು. ಉಳಿದ ಸುಮಾರು 220 ನ್ಯೂಟನ್ನುಗಳನ್ನು ಕಂಬವು ತೋಳಿನ ಮೂಲಕ ಕೊಡಬೇಕು. ಕಂಬವನ್ನು ಹಿಡಿಯದೆ ಅದೇ ಜವದಲ್ಲಿ ತಿರುಗಲು ಹೋದವನ ಕಾಲು ಜಾರುವುದು. ಆಗ ಆಟಗಾರನು, "ಯಾವುದೋ ಬಲವು ನನ್ನನ್ನು ಹೊರಕ್ಕೆ ಎಸೆಯಿತು" ಎನ್ನುತ್ತಾನೆ. ಯಾವ ವಸ್ತುವು ಎಸೆಯಿತು ಎಂದು ಕೇಳಿರಿ. ಹೆಸರಿಸಲು ಅಂಥ ವಸ್ತುವೇ ಇಲ್ಲ. ಒಳಕ್ಕೆ ಎಳೆಯುವ ಬಲವು ಸಾಲದೆ ಹೋದುದರಿಂದ ದೇಹವು ತನ್ನ ನೇರ ದಾರಿಯನ್ನು ಹಿಡಿಯಿತು, ಅಷ್ಟೆ. ಕೊರಟಗೆರೆಯಿಂದ ಮಧುಗಿರಿಗೆ ಬರುವ ಬಸ್ಸು ಥಟ್ಟನೆ ನಿಂತಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವುದೂ ಹೀಗೆಯೇ.

ತರಗತಿಯಲ್ಲಿ ಮಾಡುವ ಬಗೆ

ಈ ಪ್ರಯೋಗಗಳಿಗೆ ಬೇಕಾದದ್ದು ಒಂದು ಅಳತೆಪಟ್ಟಿ, ಸೀಮೆಸುಣ್ಣ, ನಿಲುಗಡಿಯಾರ, ತೂಕದ ಯಂತ್ರ. ಬಯಲಿನಲ್ಲಿ 20 ಮೀಟರು ಗುರುತುಮಾಡಿ, ನಡೆಯುವವನ ಹೆಜ್ಜೆಗಳನ್ನೆಣಿಸಿ ಕಾಲವನ್ನು ಗುರುತಿಸಿಕೊಂಡರೆ ಹೆಜ್ಜೆಯುದ್ದವೂ ಜವವೂ ದೊರೆಯುತ್ತವೆ. ನಡಿಗೆಯನ್ನು ಬಿರುಸುಗೊಳಿಸುತ್ತ ಹೋಗಿ, ಪ್ರತಿಯೊಬ್ಬನೂ ಯಾವ ಜವದಲ್ಲಿ ತಾನಾಗಿಯೇ ಓಡತೊಡಗುತ್ತಾನೆಂಬುದನ್ನು ಅವನ ಕಾಲಿನುದ್ದದೊಡನೆ ಹೋಲಿಸಬಹುದು. 1878ರಲ್ಲಿ ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲವನ್ನು ಬಿಡುತ್ತವೆಂದು ಸಾಲುಚಿತ್ರಗಳಿಂದ ಜಗತ್ತಿಗೆ ತೋರಿಸಲು ಮೈಬ್ರಿಜ್ಜನು ಸಾಲಾಗಿ ಹನ್ನೆರಡು ಕ್ಯಾಮರಾಗಳನ್ನು ಹೂಡಬೇಕಾಯಿತು. ಇಂದು ಮನೆಯ ಮೊಬೈಲು ಫೋನು ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತದೆ. ಒಂದೊಂದೇ ಚಿತ್ರವನ್ನು ನಿಲ್ಲಿಸಿ, ಸೊಂಟದ ಸ್ಥಾನವನ್ನು ಕಾಗದದ ಮೇಲೆ ಗುರುತಿಸಿದರೆ ನಡಿಗೆಯ ಕಮಾನುಗಳು ತಾವಾಗಿಯೇ ಮೂಡುತ್ತವೆ.

ಒಂದು ನಿಯಮವನ್ನು ಮಾತ್ರ ಬಿಡದೆ ಪಾಲಿಸಬೇಕು. ಪ್ರತಿ ಪ್ರಯೋಗಕ್ಕೂ ಮೊದಲು ಏನಾಗುವುದೆಂಬ ಊಹೆಯನ್ನು ಪ್ರತಿಯೊಬ್ಬನೂ ಬರೆದಿಡಬೇಕು. ಆಮೇಲೆ ಮಾಡಿ ನೋಡಬೇಕು. ಊಹೆ ತಪ್ಪಿದರೆ ಏಕೆ ತಪ್ಪಿತೆಂದು ಪಕ್ಕದವನೊಡನೆ ಚರ್ಚಿಸಬೇಕು. ಊಹಿಸದೆ ನೋಡಿದ ಪ್ರಯೋಗವು ಜಾದೂಗಾರನ ಆಟದಂತೆ ಕಣ್ಣಿಗೆ ಹಬ್ಬವಾಗಿ ಮರೆತುಹೋಗುತ್ತದೆ.

ನಮ್ಮ ತಾಲ್ಲೂಕುಗಳಿಗೆ ಅಂಟಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಾಲಕನೊಬ್ಬನು 1935ರಲ್ಲಿ ಪ್ರೌಢಶಾಲೆಯನ್ನು ಸೇರುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದನು. ದೂರ ಸುಮಾರು 80 ಕಿಲೋಮೀಟರು. ಮುಂದೆ ಅವರು ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಪ್ರಶ್ನಿಸದೆ ಒಪ್ಪಬೇಡಿ ಎಂಬ ಬೋಧೆಯಿಂದ ನಾಡಿಗೆಲ್ಲ ಪರಿಚಿತರಾದರು. ಅವರೇ ಡಾ. ಎಚ್. ನರಸಿಂಹಯ್ಯನವರು. ಹೆಜ್ಜೆಗೆ 70 ಸೆಂಟಿಮೀಟರು ಎಂದು ಹಿಡಿದರೆ ಆ ದಾರಿಯಲ್ಲಿ 1,14,000ಕ್ಕೂ ಹೆಚ್ಚು ಹೆಜ್ಜೆಗಳಾಗುತ್ತವೆ. ಅಷ್ಟು ಸಲ ನೆಲವು ಆ ಬಾಲಕನನ್ನು ತಡೆದು, ಅಷ್ಟು ಸಲ ಮುಂದಕ್ಕೆ ತಳ್ಳಿರಬೇಕು.

ಕೊನೆಯದಾಗಿ ವಾಚಕರಿಗೆ ಒಂದು ಪ್ರಶ್ನೆಯನ್ನು ಬಿಡುತ್ತೇವೆ. ಘರ್ಷಣೆಯೇ ಇಲ್ಲದ, ಕನ್ನಡಿಯಂತೆ ನುಣುಪಾದ, ವಿಶಾಲವಾದ ಸಮತಟ್ಟು ಬಂಡೆಯೊಂದರ ನಟ್ಟನಡುವೆ ಒಬ್ಬನು ನಿಂತಿದ್ದಾನೆ. ಎಷ್ಟು ಕಾಲಾಡಿಸಿದರೂ ಅವನ ದೇಹದ ಗುರುತ್ವಕೇಂದ್ರವು ಕದಲದು. ಅವನ ಬಳಿ ಇರುವುದು ಒಂದು ಬುತ್ತಿಯ ಗಂಟು ಮಾತ್ರ. ಬಂಡೆಯ ಅಂಚನ್ನು ಅವನು ತಲುಪುವುದು ಹೇಗೆ? ಬಲಕ್ಕೆ ಎರಡು ಕಕ್ಷಿಗಳು ಬೇಕೆಂಬುದನ್ನು ನೆನೆದು ಉತ್ತರವನ್ನು ಯೋಚಿಸಿರಿ. ಬುತ್ತಿಯ ತೂಕ 1 ಕಿಲೋಗ್ರಾಮು, ಅವನ ತೂಕ 50 ಕಿಲೋಗ್ರಾಮು, ಅಂಚು 10 ಮೀಟರು ದೂರದಲ್ಲಿದೆ ಎಂದಿಟ್ಟುಕೊಂಡು, ಅವನು ಎಷ್ಟು ಹೊತ್ತಿಗೆ ಅಲ್ಲಿಗೆ ಸೇರುವನೆಂಬುದನ್ನೂ ಲೆಕ್ಕಹಾಕಿರಿ.